ಮಲಗೂ ಹೊತ್ತಿನ ಚಿತ್ರಪುಸ್ತಕಕ್ಕ ಹಾಡಿನ ಜೋಡಿ: ಗುಂಡಿ ಬುಕ್ಕು, ಮೊಬೈಲು, ಸ್ಪೀಕರ್, ಇಲ್ಲಾ ಆಯಿ (ಅಜ್ಜಿ)?

ಸಣ್ಣ ಹುಡುಗರಿಗೆ ಮಲಗೂಮುಂದ ಚಿತ್ರದ ಪುಸ್ತಕಾನೂ ಬೇಕು ಹಾಡೂ ಬೇಕು ಅನ್ನೋ ಮಂದಿ ಈಗ ನಮ್ಮ ಬಾಗಲಕೋಟಿ ಕಡೆನೂ ಭಾಳ ಆಗ್ಯಾರ, ನವನಗರದಾಗ ಸಣ್ಣ ಹುಡುಗರು ಇರೋ ಯಾರ ಮನಿಗೆ ಹೋದ್ರೂ ಒಂದು ಗುಂಡಿ ಒತ್ತೋ ಬುಕ್ಕು ಸೋಫಾದ ಕೆಳಗ ಬಿದ್ದಿರ್ತೈತಿ, ಬ್ಯಾಟರಿ ಮುಗಿಯಾಕ ಬಂದು ಅರ್ಧ ದನಿಲೆ ನರಳ್ತಿರ್ತೈತಿ. ಆನ್‌ಲೈನ್ ನೋಡಿದ್ರ ಹತ್ತು ನಮೂನಿ ಅದಾವು. ಸೌಂಡ್ ಬುಕ್ಕು, ಮಾತಾಡೋ ಪೆನ್ನು, ಕ್ಯೂಆರ್ ಕೋಡ್ ಇರೋ ಪುಸ್ತಕ, ಯೂಟ್ಯೂಬಿನ್ಯಾಗ ಪುಟ ತಿರುವಿ ಓದಿ ಹೇಳೋ ವಿಡಿಯೋ, ಜೋಗುಳ ತುಂಬಿದ ಸ್ಪೀಕರ್. ಯಾವ್ದು ತಗೊಂಡ್ರ ರೊಕ್ಕ ಹಾಳಾಗೂದಿಲ್ಲ, ಯಾವ್ದು ತಗೊಂಡ್ರ ಕೂಸು ಖರೇನ ಮಲಗ್ತೈತಿ ಅಂತ ಭಾಳ ಮಂದಿ ಕೇಳ್ತಾರ, ಅವರ ಸಲುವಾಗಿ ಇದು.

ಹೋಲಿಸೂಮುಂದ ಎಲ್ಲಾರೂ ಚಿತ್ರ ಎಷ್ಟು ಚಂದ ಐತಿ, ಎಷ್ಟು ಹಾಡು ಅದಾವು ಅಂತ ನೋಡ್ತಾರ. ನಾನು ಮೊದ್ಲು ನೋಡೂದು ಹಾಡು ನಿಲ್ಲೂದು ಹೆಂಗ ಅಂತ. ಕೂಸಿನ ಬೆರಳಿಂದ ಶುರು ಆಗಿ ಕೂಸಿನ ಬೆರಳಿಂದ ನಿಲ್ಲೂದಾದ್ರ ಅದು ಆಟಿಗಿ ಸಾಮಾನು, ಹಗಲೊತ್ತಿನದು. ಮೊಬೈಲಿನ್ಯಾಗ ಆದ್ರ ಅದು ನಿಲ್ಲೂದ ಇಲ್ಲ, ಒಂದರ ಹಿಂದ ಒಂದು ಬರಕೋತನ ಇರ್ತೈತಿ. ಸ್ಪೀಕರಿಗೆ ಟೈಮರ್ ಇಟ್ರ ಹೇಳಿದ ಹೊತ್ತಿಗೆ ನಿಲ್ತೈತಿ. ಆಯಿ ಹಾಡಿದ್ರ ಕೂಸಿನ ರೆಪ್ಪಿ ನೋಡಿ ದನಿ ಸಣ್ಣ ಮಾಡ್ತಾಳ, ಈ ಕೆಲಸ ಯಾವ ಮಷೀನಿಗೂ ಬರೂದಿಲ್ಲ. ಇನ್ನೊಂದು ಮಾತು, ಪುಸ್ತಕ ಮತ್ತ ಹಾಡು ಎರಡೂ ಕೂಡೇ ನಡಿಬಾರದು. ನೀವು ಓದಾಕಹತ್ತಿದಾಗ ಹಿಂದ ಯಾರೋ ಹಾಡಾಕಹತ್ತಿದ್ರ ಎರಡು ವರ್ಷದ ಕೂಸು ಯಾವ್ದು ಕೇಳಬೇಕು? ಮೊದ್ಲು ಪುಸ್ತಕ, ಮುಚ್ಚಿಟ್ಟು, ಲೈಟ್ ಆರ್ಸಿ, ಆಮ್ಯಾಲೆ ಹಾಡು. ಈ ಎರಡು ಇಟ್ಕೊಂಡು ಅಳದ್ರ ಪ್ಯಾಟ್ಯಾಗ ಸಿಗೋ ಅರ್ಧಕ್ಕರ್ಧ ಸಾಮಾನು ತಾನ ಲಿಸ್ಟಿನಿಂದ ಹೊರಗ ಹೊಕ್ಕೈತಿ.

ಗುಂಡಿ ಒತ್ತಿದ್ರ ಹಾಡೋ ಬುಕ್ಕು

ದಪ್ಪ ರಟ್ಟಿನ ಪುಟ, ಬಾಜೂಕ ಒಂದು ಪಟ್ಟಿ, ಅದ್ರಾಗ ಐದಾರು ಗುಂಡಿ, ಒಂದೊಂದು ಒತ್ತಿದ್ರ ಒಂದೊಂದು ಹಾಡಿನ ಸಣ್ಣ ತುಣುಕು. ಹುಡುಗರಿಗೆ ಇದು ಭಾಳ ಸೇರ್ತೈತಿ, ಒತ್ತಿದ್ರ ಏನೋ ಆಕ್ಕೈತಿ ಅನ್ನೂದ ಒಂದು ವರ್ಷದ ಕೂಸಿಗೆ ದೊಡ್ಡ ಜಾದು. ಗಿಫ್ಟ್ ಕೊಡೋರೆಲ್ಲಾ ಇದನ್ನ ಯಾಕ ಕೊಡ್ತಾರಂದ್ರ ಕೈಯಾಗ ಕೊಟ್ಟ ಕೂಡ್ಲೇ ಕೂಸು ನಗ್ತೈತಿ, ಫೋಟೋ ಚಂದ ಬರ್ತೈತಿ. ಆದ್ರ ಮಲಗಸೂ ಲೆಕ್ಕಕ್ಕ ನೋಡ್ರಿ, ಒಂದೊಂದು ತುಣುಕು ಹತ್ತಿಪ್ಪತ್ತು ಸೆಕೆಂಡಿಂದು, ಮುಗಿತಂದ್ರ ಮತ್ತ ಒತ್ತಬೇಕು, ಒತ್ತಬೇಕಂದ್ರ ಎಚ್ಚರ ಇರಬೇಕು. ಹಿಂಗಾಗಿ ಡಬ್ಬಿ ಮ್ಯಾಲೆ ಚಂದ್ರ ಚುಕ್ಕಿ ಎಷ್ಟ ಬರದಿರಲಿ, ಇದು ಕೂಸನ್ನ ಎಬ್ಬಸೋ ಬುಕ್ಕು.

ಭಾಷೆ ವಿಚಾರನೂ ಐತಿ. ನಾನು ನೋಡಿದ್ರಾಗ ಹೆಚ್ಚಿನವು ಇಂಗ್ಲಿಷ್ ರೈಮ್ಸು, ಅಷ್ಟಿಷ್ಟು ಹಿಂದಿ, ಕನ್ನಡದವು ಹುಡುಕಿ ತಗೀಬೇಕು. ಸಿಕ್ರೂ ಒತ್ತಿ ಕೇಳದ ತಗೋಬ್ಯಾಡ್ರಿ, ಯಾಕಂದ್ರ ಕೆಲವ್ರಾಗ ಕೀಬೋರ್ಡ್ ಟ್ಯೂನ್ ಅಷ್ಟ ಇರ್ತೈತಿ, ಮಾತ ಇರೂದಿಲ್ಲ.

ದನಿ ಕಡಿಮಿ ಮಾಡೋ ಗುಂಡಿ ಭಾಳ ಬುಕ್ಕಿನ್ಯಾಗ ಇರೂದಿಲ್ಲ. ಅದಕ್ಕೊಂದು ಸರಳ ಉಪಾಯ ಅಂದ್ರ ಹಿಂದ ಸ್ಪೀಕರಿಂದು ಸಣ್ಣ ಸಣ್ಣ ತೂತು ಇರ್ತಾವಲ್ಲ, ಅದರ ಮ್ಯಾಲೆ ಎರಡು ಪದರು ಸೆಲ್ಲೋಟೇಪ್ ಹಚ್ಚಿಬಿಡ್ರಿ, ದನಿ ಅರ್ಧಕ್ಕ ಇಳಿತೈತಿ. ಆನ್ ಆಫ್ ಸ್ವಿಚ್ ಐತೋ ಇಲ್ಲೋ ನೋಡ್ಕೋರಿ, ಇಲ್ಲಂದ್ರ ರಾತ್ರಿ ಎರಡಕ್ಕ ಯಾರರೆ ಕಾಲಿಟ್ಟಾಗ ಮನಿ ಮಂದಿಯೆಲ್ಲಾ ಏಳ್ತಾರ.

ಬ್ಯಾಟರಿ ಮಾತ್ರ ಸ್ವಲ್ಪ ಕುಂತು ಓದ್ರಿ. ಈ ಬುಕ್ಕುಗಳಾಗ ಇರೂದು ಗುಂಡಿ ಸೆಲ್ಲು, ಎಲ್‌ಆರ್44 ಇಲ್ಲಾ ಅದರಕಿಂತ ಸಣ್ಣವು, ಕೆಲವ್ರಾಗ ಸಿಆರ್2032 ಅನ್ನೋ ಅಗಲನ್ನ ಲಿಥಿಯಂ ಸೆಲ್ಲು. 2032 ಅಂದ್ರ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಆ ಅಗಲದ್ದು ಸಣ್ಣ ಕೂಸಿನ ಅನ್ನನಾಳದಾಗ ಸಿಗಬೀಳ್ತೈತಿ, ಅಲ್ಲಿನ ಹಸಿಗೆ ಕರೆಂಟ್ ಹರದು ಕ್ಷಾರ ಹುಟ್ಟಿ ಒಳಗ ಸುಡಾಕ ಶುರು ಆಕ್ಕೈತಿ, 2 ತಾಸಿನ್ಯಾಗ ಭಾರಿ ಗಾಯ ಆಗಬಹುದು. ಹಾಡೂದು ನಿಂತ ಸೆಲ್ಲು ಸತ್ತೈತಿ ಅಂತ ತಿಳ್ಕೋಬ್ಯಾಡ್ರಿ, ಸುಡಾಕ ಬೇಕಾದಷ್ಟು ಕರೆಂಟ್ ಅದ್ರಾಗ ಉಳದಿರ್ತೈತಿ. ಹಿಂಗಾಗಿ ಬ್ಯಾಟರಿ ಮುಚ್ಚಳಕ್ಕ ಸ್ಕ್ರೂ ಇರಬೇಕು, ಉಗುರಿಲೆ ತೆಗಿಯಾಕ ಬರೋ ಮುಚ್ಚಳ ಇದ್ರ ಎಷ್ಟ ಚಂದ ಇದ್ರೂ ಬ್ಯಾಡ. ಹಳೇ ಸೆಲ್ಲು ತಗದ ಕೂಡ್ಲೇ ಟೇಪ್ ಸುತ್ತಿ ಕೈಗೆ ಸಿಗಲಾರದ ಕಡೆ ಇಡ್ರಿ. ಕೂಸು ನುಂಗೈತಿ ಅಂತ ಡೌಟ್ ಬಂದ್ರೂ ವಾಂತಿ ಮಾಡಸಾಕ ಹೋಗಬ್ಯಾಡ್ರಿ, ಮುಂಜಾನೆ ನೋಡೂಣು ಅಂತ ಕುಂದ್ರಬ್ಯಾಡ್ರಿ, ಎಕ್ಸ್‌ರೇ ಇರೋ ದೊಡ್ಡ ದವಾಖಾನಿಗೆ ಆಗಿಂದಾಗ ಓಡ್ರಿ.

ನಮ್ಮ ದೇಶದಾಗ 2021ರ ಜನವರಿ 1ರಿಂದ ಆಟಿಗಿ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡ್ಯಾರ. ಆಟಿಗಿ ಅಂಗಡ್ಯಾಗ ಸೌಂಡ್ ಬುಕ್ಕು ತಗೊಳ್ಳೂಮುಂದ ಡಬ್ಬಿ ತಿರುವಿ ಆ ಗುರುತು ನೋಡ್ರಿ, ಜಾತ್ರ್ಯಾಗ ರಾಶಿ ಹಾಕಿ ಮಾರೂದ್ರಾಗ ಅದು ಇರೂದು ಕಡಿಮಿ. ಬ್ಯಾಡ ಅಂದ್ರೂ ಯಾರೋ ತಂದು ಕೊಟ್ಟ ಕೊಡ್ತಾರ, ಕೊಟ್ರ ಹಗಲು ಆಡಾಕ ಬಿಡ್ರಿ, ಸಂಜಿಗೆ ಊಟ ಆತಂದ್ರ ಕಪಾಟಿನ ಮ್ಯಾಲೆ.

ಮಾತಾಡೋ ಪೆನ್ನು

ಪುಟದ ಮ್ಯಾಲೆ ಪೆನ್ನು ಇಟ್ರ ಓದ್ತೈತಿ, ಹಾಡ್ತೈತಿ. ಕಿಮ್ಮತ್ತು ಜಾಸ್ತಿ, ಅದೇ ಕಂಪನಿ ಬುಕ್ಕಿಗೆ ಅಷ್ಟ ನಡಿತೈತಿ, ಕನ್ನಡ ಸಿಗೂದು ಕಷ್ಟ. ಐದಾರು ವರ್ಷದವರಿಗೆ ಇಂಗ್ಲಿಷ್ ಕಲಸಾಕ ಬೇಕಂದ್ರ ತಗೋರಿ, ಮಲಗೂ ಹೊತ್ತಿಗೆ ಇದರ ಕೆಲಸ ಏನೂ ಇಲ್ಲ.

ಮೊಬೈಲು

ಖರ್ಚಿಲ್ಲ, ಕನ್ನಡದಾಗ ಬೇಕಾದಷ್ಟು ಸಿಗ್ತೈತಿ, ಹೊಲದಿಂದ ಇಲ್ಲಾ ಡ್ಯೂಟಿಯಿಂದ ದಣದು ಬಂದ ಅವ್ವ ಅಪ್ಪಗ ಹತ್ತು ನಿಮಿಷ ಬೆನ್ನು ಚಾಚಾಕ ಸಿಗ್ತೈತಿ, ಇದನ್ನ ಬೈಯೂದು ಭಾಳ ಸುಲಭ ಆದ್ರ ಬೈಯೋರ ಮನ್ಯಾಗೂ ಇದ ನಡದಿರ್ತೈತಿ. ಹಗಲೊತ್ತು ನಾಲ್ಕು ವರ್ಷದ ಹುಡುಗನ ಬಾಜೂಕ ಕುಂತು ಒಂದು ಓದಿ ಹೇಳೋ ವಿಡಿಯೋ ತೋರ್ಸಿ, ಅದೇ ಪುಸ್ತಕ ಆಮ್ಯಾಲೆ ಕೈಯಾಗ ಕೊಟ್ರ ಚೊಲೊನ. ಮಾತಿನ ಉಚ್ಚಾರ ಬರ್ತೈತಿ, ಕತಿ ಮೊದ್ಲ ಗೊತ್ತಿರೂದಕ್ಕ ಪುಟ ತಿರುವೂದು ಸಲೀಸು ಆಕ್ಕೈತಿ.

ರಾತ್ರಿ ಲೆಕ್ಕ ಬ್ಯಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಐದು ವರ್ಷದೊಳಗಿನವರ ಸಲುವಾಗಿ ಹೇಳಿದ್ದು ಹಿಂಗೈತಿ: ಒಂದು ವರ್ಷದ ಕೂಸಿಗೆ ಸ್ಕ್ರೀನ್ ಬ್ಯಾಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕ 1 ತಾಸಿಗಿಂತ ಹೆಚ್ಚಿಗೆ ಬ್ಯಾಡ, ಅದರಕಿಂತ ಕಡಿಮಿ ಆದ್ರ ಇನ್ನೂ ಚೊಲೊ, ಕೂಸು ಕುಂತಿದ್ದಾಗ ದೊಡ್ಡವರ ಜೋಡಿ ಓದೂದು ಕತಿ ಹೇಳೂದು ನಡೀಲಿ. ಅದ್ರಾಗ ಮಲಗೂ ಮುಂಚೆ ಮಕದ ಮ್ಯಾಲೆ ಬೀಳೋ ಬೆಳಕಿಗೆ ನಿದ್ದಿ ತರೋ ಮೆಲಟೋನಿನ್ ಹಾರ್ಮೋನು ಕಡಿಮಿ ಆಕ್ಕೈತಿ, ಸಣ್ಣವರಿಗೆ ದೊಡ್ಡವರಕಿಂತ ಹೆಚ್ಚಿಗೆ.

ಬೆಳಕಿನ ಮಾತು ಬಿಟ್ರೂ ಜೋಗುಳದ ನಡುವ ಬರೋ ಜಾಹೀರಾತು ಒಂದು ಸಾಕು. ಸಣ್ಣಗ ಕೊಳಲು ನಡದಿರ್ತೈತಿ, ಕೂಸಿನ ಕಣ್ಣು ಮುಚ್ಚಾಕ ಬಂದಿರ್ತಾವು, ಅಷ್ಟರಾಗ ಯಾವನೋ ಸಿಮೆಂಟ್ ಮಾರಾಕ ಒದರ್ತಾನ. ರೊಕ್ಕ ಕಟ್ಟಲಾರದ ಯೂಟ್ಯೂಬಿನ್ಯಾಗ ಸ್ಕ್ರೀನ್ ಆರ್ಸಿದ್ರ ಹಾಡೂ ನಿಲ್ತೈತಿ, ಹಿಂಗಾಗಿ ಕತ್ತಲ ಮಾಡಿ ಬರೇ ಕೇಳಾಕೂ ಆಗೂದಿಲ್ಲ, ಫೋನ್ ಬೋರಲ ಹಾಕಬೇಕು. ಒಂದು ಮುಗದ ಕೂಡ್ಲೇ ಇನ್ನೊಂದು ತಾನ ಬರೂದನ್ನ ಸೆಟ್ಟಿಂಗಿನ್ಯಾಗ ಬಂದ್ ಮಾಡಾಕ ಬರ್ತೈತಿ, ಮೊಬೈಲ ಬೇಕ ಬೇಕು ಅನ್ನೋರು ಅದೊಂದರೆ ಮಾಡ್ರಿ.

ಮಕ್ಕಳ ಹಾಡಿನ ಚಾನಲ್ ಭಾಳಷ್ಟು ಹಗಲು ಕುಣಸಾಕ ಮಾಡಿದ್ದು, ಬೀಟ್ ಜೋರು, ಎರಡು ಸೆಕೆಂಡಿಗೊಮ್ಮೆ ಚಿತ್ರ ಬದಲಿ. ಅದಕ್ಕ ಜೋಗುಳ ಅಂತ ಹೆಸರಿಟ್ರ ಜೋಗುಳ ಆಗೂದಿಲ್ರಿ.

ಕ್ಯೂಆರ್ ಕೋಡ್ ಇರೋ ಪುಸ್ತಕ

ಇದು ನಡುವಿನ ದಾರಿ. ಪುಸ್ತಕ ಕೈಯಾಗ, ಹಾಡು ಫೋನಿನ್ಯಾಗ. ಬ್ಯಾಟರಿ ಹೆದರಿಕಿ ಇಲ್ಲ, ಪುಸ್ತಕ ಹಗರಾಗಿರ್ತೈತಿ, ಹಾಡು ಪೂರ್ತಿ ಇರ್ತೈತಿ. ತಗೊಳ್ಳೂಮುಂದ ಅಂಗಡ್ಯಾಗನ ಸ್ಕ್ಯಾನ್ ಮಾಡಿ ನೋಡ್ರಿ, ಎಲ್ಲಿಗೆ ಕರ್ಕೊಂಡು ಹೊಕ್ಕೈತಿ ಅಂತ. ಆ್ಯಪ್ ಇಳಿಸ್ಕೋರಿ ಅಂದ್ರ, ಮೊಬೈಲ್ ನಂಬರ್ ಕೊಡ್ರಿ ಅಂದ್ರ ಬ್ಯಾಡ. ಸೀದಾ ಆಡಿಯೋ ಬಂದು ಡೌನ್‌ಲೋಡ್ ಮಾಡಾಕ ಬಂದ್ರ ತಗೋರಿ, ಡೌನ್‌ಲೋಡ್ ಮಾಡಿ ಇಟ್ಕೋರಿ, ಯಾಕಂದ್ರ ನಾಲ್ಕು ವರ್ಷದ ಮ್ಯಾಲೆ ಆ ಲಿಂಕ್ ಇರ್ತೈತಿ ಅನ್ನೋ ಗ್ಯಾರಂಟಿ ಇಲ್ಲ, ಪುಸ್ತಕ ಮಾತ್ರ ತಮ್ಮಗ ತಂಗಿಗೆ ದಾಟಕೋತ ಬರ್ತೈತಿ. ಡೌನ್‌ಲೋಡ್ ಮಾಡಿದ ಮ್ಯಾಲೆ ಇದು ಕೆಳಗ ಬರೋ ಸಾದಾ ಪುಸ್ತಕ, ಬ್ಯಾರೆ ಸ್ಪೀಕರಿನ ಲೆಕ್ಕಕ್ಕ ಸೇರಿತು.

ಸಾದಾ ಪುಸ್ತಕ, ಬ್ಯಾರೆ ಸ್ಪೀಕರ್

ನನ್ನ ಪ್ರಕಾರ ಇಬ್ರೂ ಕೆಲಸಕ್ಕ ಹೋಗೋ, ಮನ್ಯಾಗ ಹಿರ್ಯಾರು ಇಲ್ಲದ ಮಂದಿಗೆ ಇದ ಚೊಲೊ. ಪುಸ್ತಕ ಬೇಕಾದ್ದು ಆರಿಸ್ಕೋಬಹುದು, ಹಾಡು ಬೇಕಾದ್ದು ಆರಿಸ್ಕೋಬಹುದು, ಒಂದು ಕೆಟ್ರ ಇನ್ನೊಂದು ಉಳಿತೈತಿ. ಎರಡು ಸೌಂಡ್ ಬುಕ್ಕಿನ ರೊಕ್ಕದಾಗ ಸಾದಾ ಕನ್ನಡ ಚಿತ್ರಪುಸ್ತಕ ಒಂದು ಕಟ್ಟು ಬರ್ತಾವು.

ಸ್ಪೀಕರ್ ಹೆಂತಾದ್ದು ಅಂದ್ರ, ಬ್ಲೂಟೂತ್ ಆದ್ರ ಒಂದು ತ್ರಾಸು ಐತಿ, ಅದನ್ನ ಯಾರೂ ರಿವ್ಯೂದಾಗ ಬರೆಯೂದಿಲ್ಲ. ಹಾಡು ಮುಗದು ಫೋನ್ ಬಂದ್ ಮಾಡಿದ ಕೂಡ್ಲೇ ಭಾಳ ಸ್ಪೀಕರ್ ಡಿಸ್ಕನೆಕ್ಟೆಡ್ ಅಂತ ಜೋರಾಗಿ ಒದರ್ತಾವು, ಬ್ಯಾಟರಿ ಕಡಿಮಿ ಆದ್ರ ಟೊಂಯ್ ಟೊಂಯ್ ಅಂತಾವು. ಅಂಗಡ್ಯಾಗ ಕನೆಕ್ಟ್ ಮಾಡಿ ಬಿಡ್ಸಿ ಕೇಳ್ರಿ. ಪೆನ್‌ಡ್ರೈವ್ ಇಲ್ಲಾ ಎಸ್‌ಡಿ ಕಾರ್ಡ್ ಹಾಕೋ ಸಣ್ಣ ಸ್ಪೀಕರ್ ಇದಕ್ಕಿಂತ ಪಾಡು, ಫೋನ ಬೇಡೂದಿಲ್ಲ, ನೆಟ್ ಬೇಡೂದಿಲ್ಲ, ಕರೆಂಟ್ ಹೋಗಿ ವೈಫೈ ಬಂದ್ ಆದ್ರೂ ನಡಿತೈತಿ, ಹಳ್ಳ್ಯಾಗ ಇರೋರಿಗೆ ಇದು ಸಣ್ಣ ಮಾತಲ್ಲ. ಒಂದ ಕೊರತಿ ಅಂದ್ರ ಅವು ಕಡೀ ಹಾಡು ಮುಗದ್ರ ಮತ್ತ ಮೊದಲಿಂದ ಶುರು ಮಾಡ್ತಾವು. ಅದಕ್ಕ ಕಾರ್ಡಿನ್ಯಾಗ ಎಲ್ಲಾ ತುಂಬಬ್ಯಾಡ್ರಿ. ಒಂದ ಫೈಲ್ ಮಾಡ್ರಿ, ಮೊದಲ ಇಪ್ಪತ್ತು ನಿಮಿಷ ಹಾಡು, ಕೊನಿಗೆ ಮೆಲ್ಲಕ ದನಿ ಇಳದು, ಆಮ್ಯಾಲೆ ಎರಡು ತಾಸು ಬರೇ ಮೌನ. ಮೊಬೈಲಿನ್ಯಾಗ ಆಡಿಯೋ ಕತ್ತರಿಸೋ ಯಾವ ಆ್ಯಪಿನ್ಯಾಗೂ ಇದು ಆಕ್ಕೈತಿ, ಅಷ್ಟೊತ್ತಿಗೆ ನೀವ ಎದ್ದು ಸ್ವಿಚ್ ಆರ್ಸಿರ್ತೀರಿ. ಫೋನಿಂದಾನ ಹಚ್ಚೋರಿಗೆ ಸ್ಪಾಟಿಫೈದಾಗ ಸ್ಲೀಪ್ ಟೈಮರ್ ಐತಿ, ಐಫೋನಿನ ಗಡಿಯಾರದಾಗ ಟೈಮರ್ ಮುಗದ ಕೂಡ್ಲೇ ಹಾಡು ನಿಲ್ಲಸೋ ಆಯ್ಕೆ ಐತಿ.

ದನಿ ಎಷ್ಟಿರಬೇಕು? 2014ರಾಗ ಪೀಡಿಯಾಟ್ರಿಕ್ಸ್ ಜರ್ನಲಿನ್ಯಾಗ ಒಂದು ಅಧ್ಯಯನ ಬಂತು, ಕೂಸು ಮಲಗಸಾಕ ಮಾರೋ 14 ಸೌಂಡ್ ಮಷೀನು ತಗೊಂಡು ಅಳದು ನೋಡಿದ್ರು. ಫುಲ್ ದನಿ ಇಟ್ಟು 30 ಸೆಂ.ಮೀ. ದೂರದಾಗ ಎಲ್ಲಾವೂ 50 ಡೆಸಿಬಲ್ ದಾಟಿದ್ವು, ಆಸ್ಪತ್ರ್ಯಾಗ ಹಸುಗೂಸು ಇಡೋ ಕೋಣಿಗೆ ಹಾಕಿದ ಮಿತಿನ 50. ಮೂರು ಮಷೀನು 85ನ್ನೂ ದಾಟಿದ್ವು. ಅದಕ್ಕ ಅವ್ರು ಹೇಳಿದ್ದು 200 ಸೆಂ.ಮೀ.ಕಿಂತ ದೂರ ಇಡ್ರಿ, ಫುಲ್ ದನಿ ಇಡಬ್ಯಾಡ್ರಿ ಅಂತ. ನಮ್ಮ ಮನಿಗಳಾಗ ಸ್ಪೀಕರ್ ತಗೊಂಡು ದಿಂಬಿನ ಬಾಜೂಕ ಇಡ್ತಾರ ಇಲ್ಲಾ ತೊಟ್ಟಿಲದ ಹಗ್ಗಕ್ಕ ಕಟ್ತಾರ. ಬ್ಯಾಡ್ರಿ. ಎದುರಿನ ಗ್ವಾಡಿ ಕಡೆ ಇಡ್ರಿ, ಪಕ್ಕದಾಗ ಮಲಗಿದವರ ಪಿಸಿಪಿಸಿ ಮಾತು ಹಾಡಿನ ನಡುವೂ ತಿಳಿಬೇಕು, ತಿಳಿಲಿಲ್ಲಂದ್ರ ದನಿ ಜಾಸ್ತಿ ಆಗೇತಿ ಅಂತ ಅರ್ಥ.

ಇನ್ನ ಹಾಡು ಯಾವ್ದು. ಕರ್ನಾಟಕ ಸಂಗೀತದವರು ಜೋಗುಳ ಅಂದ ಕೂಡ್ಲೇ ನೀಲಾಂಬರಿ ರಾಗ ಅಂತಾರ, ಅದು ಖರೇನ ನಿದ್ದಿ ಬರೂ ಹಂಗ ತೂಗ್ತೈತಿ. ನಮ್ಮ ಕಡೆ ಹಿಂದೂಸ್ತಾನಿ ಕಿವಿ, ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಬೆಳಗಾವಿ ಬಾಜೂಕ ಐತಿ, ನಮ್ಮ ಮುತ್ಯಾಗೋಳು ರೇಡಿಯೋದಾಗ ಧಾರವಾಡ ಆಕಾಶವಾಣಿ ಹಚ್ಚಿ ರಾತ್ರಿ ರಾಗ ಕೇಳಿದವರು. ರಾತ್ರಿ ರಾಗ ಅಂದ್ರ ಬಿಹಾಗ, ಬಾಗೇಶ್ರೀ, ಮಾಲಕಂಸ, ದರ್ಬಾರಿ. ಇದ್ರಾಗ ಕೂಸಿಗೆ ನಾನು ಬಾಗೇಶ್ರೀ ಇಲ್ಲಾ ಬಿಹಾಗ ಆರಿಸ್ತೀನಿ, ಕೊಳಲಿನ್ಯಾಗ ಇಲ್ಲಾ ಸಾರಂಗಿಯೊಳಗ. ದರ್ಬಾರಿ ಸ್ವಲ್ಪ ಭಾರ, ಅದು ದೊಡ್ಡವರ ನಿದ್ದಿಗೆ.

ಆದ್ರ ಇಲ್ಲಿ ಒಂದು ಸಿಕ್ಕು ಐತಿ, ಅದನ್ನ ತಿಳ್ಕೊಳ್ಳಲಾರದ ಭಾಳ ಮಂದಿ ಶಾಸ್ತ್ರೀಯ ಸಂಗೀತ ನಮ್ಮ ಕೂಸಿಗೆ ಹಿಡಸೂದಿಲ್ಲ ಅಂದುಬಿಡ್ತಾರ. ಹಿಂದೂಸ್ತಾನಿ ಕಛೇರಿ ವಿಲಂಬಿತದಾಗ (ಸಾವಕಾಶ ನಡಿ) ಶುರು ಆಗಿ ದ್ರುತಕ್ಕ (ಜೋರು ನಡಿ) ಏರ್ತೈತಿ, ವಾದ್ಯ ಆದ್ರ ಆಲಾಪ, ಜೋಡ, ಝಾಲಾ ಅಂತ ಕೊನಿಗೆ ತಂತಿ ಹರಿಯೂ ಹಂಗ ಓಡ್ತೈತಿ. ಮಲಗೂ ಕೂಸಿಗೆ ಬೇಕಾದ್ದು ಇದರ ಉಲ್ಟಾ, ಶುರು ಎಷ್ಟ ಇರ್ಲಿ ಕೊನಿ ಸಾವಕಾಶ ಆಗಬೇಕು. ಹತ್ತನೇ ನಿಮಿಷಕ್ಕ ಕಣ್ಣು ಮುಚ್ಚಿದ ಕೂಸು ಇಪ್ಪತ್ತೈದನೇ ನಿಮಿಷಕ್ಕ ತಬಲಾ ತಿಹಾಯಿಗೆ ಎದ್ದು ಕುಂದ್ರೂದು ಇದರಿಂದನ. ಅದಕ್ಕ ಶುರುವಿಗೆ ತಬಲಾ ಇಲ್ಲದ ಸಾವಕಾಶ ನಡಿಯೋ ಆಲಾಪ ಅಷ್ಟ ಕತ್ತರಿಸ್ಕೋರಿ, ತಬಲಾ ಸೇರೂಕಿಂತ ಮೊದ್ಲ ಟೈಮರ್ ನಿಲ್ಲೂ ಹಂಗ ಇಡ್ರಿ.

ವಚನ ಗಾಯನ ನಮ್ಮ ಕಡೆ ಭಾಳ ಮನ್ಯಾಗ ಮೊದ್ಲಿಂದ ಕೇಳ್ತಾರ, ಅದು ಚಿತ್ರಪುಸ್ತಕದ ಹಿಂದ ಚಂದ ಹೊಂದ್ತೈತಿ. ವಚನ ಸಣ್ಣದು, ನಡೀನೂ ಸಾವಕಾಶ, ಕೊನಿಗೆ ಅಂಕಿತ ಬಂದು ನಿಂತುಬಿಡ್ತೈತಿ, ಕೂಡಲಸಂಗಮ ದೇವಾ ಅಂದ ಕೂಡ್ಲೇ ಮುಗೀತು ಅಂತ ಎರಡೂವರಿ ವರ್ಷದ ಕೂಸಿಗೂ ತಿಳಿತೈತಿ. ಹಾರ್ಮೋನಿಯಂ ಒಂದ ಇರೋ ರೆಕಾರ್ಡಿಂಗ್ ಹುಡುಕ್ರಿ, ಆರ್ಕೆಸ್ಟ್ರಾ ಹಾಕಿದ್ದು ಬ್ಯಾಡ. ದಾಸರ ಪದದಾಗ ಕೃಷ್ಣನ್ನ ತೂಗೋ ಜೋಗುಳ ಅದಾವು, ಅವೂ ಆಕ್ಕಾವು, ಆದ್ರ ಕಛೇರಿ ಶೈಲಿದು ಬಿಟ್ಟು ಮನ್ಯಾಗ ಹಾಡಿದಂಗ ಇರೂದು ತಗೋರಿ. ಸಿನಿಮಾ ಜೋಗುಳದಾಗ ಚರಣ ಚರಣದ ನಡುವ ಒಮ್ಮಿಂದೊಮ್ಮೆ ಇಪ್ಪತ್ತು ವಯೊಲಿನ್ ಏಳ್ತಾವು, ಪೂರ್ತಿ ಒಂದು ಸಲ ನೀವು ಕೇಳಿ ಆಮ್ಯಾಲೆ ಸೇರಸ್ರಿ.

ಮತ್ತ ದಿನಾ ಹಾಡು ಬದಲಿ ಮಾಡಬ್ಯಾಡ್ರಿ. ನಮಗ ಬ್ಯಾಸರ ಆಕ್ಕೈತಿ, ಅವಕ್ಕ ಆಗೂದಿಲ್ಲ. ಅದೇ ಹಾಡು ಅದೇ ಹೊತ್ತಿಗೆ ಬಂದ್ರ ಒಂದಿಷ್ಟು ದಿನದ ಮ್ಯಾಲೆ ಮೊದಲ ಸ್ವರ ಕೇಳಿದ ಕೂಡ್ಲೇ ಆಕಳಿಸಾಕ ಶುರು ಮಾಡ್ತಾವು.

ಸಾದಾ ಪುಸ್ತಕ, ಆಯಿ ದನಿ

ಮನ್ಯಾಗ ಆಯಿ ಇದ್ರ ಮ್ಯಾಲಿಂದೆಲ್ಲಾ ಓದೂದ ಬ್ಯಾಡಾಗಿತ್ತು ಅಂತ ಅನ್ನಬಹುದು, ಆದ್ರ ಭಾಳ ಮನ್ಯಾಗ ಆಯಿ ಕೈಯಾಗ ಪುಸ್ತಕ ಕೊಡೂದಿಲ್ಲ, ಯಾಕಂದ್ರ ಆಕಿಗೆ ಓದಾಕ ಬರೂದಿಲ್ಲ ಅಂತ. ಇಲ್ಲೇ ನಾವು ಒಂದು ಚೊಲೊ ಜೋಡಿ ಕಳ್ಕೊಳ್ಳೂದು. ಅಕ್ಷರ ಇಲ್ಲದ ಚಿತ್ರಪುಸ್ತಕ ಅಂತ ಬರ್ತಾವು, ಪುಟ ಪುಟಕ್ಕೂ ಬರೇ ಚಿತ್ರ, ಒಂದು ಮಾತಿಲ್ಲ. ಮಕ್ಕಳ ಪುಸ್ತಕ ಅಚ್ಚು ಹಾಕೋ ತುಳಿಕಾದವರು, ಪ್ರಥಮ್ ಬುಕ್ಸಿನವರು ಹಿಂತಾವು ತಗದಾರ. ಅದನ್ನ ಆಯಿ ಕೈಯಾಗ ಕೊಟ್ಟು ನೋಡ್ರಿ. ಚಿತ್ರದಾಗಿನ ಆಕಳ ನೋಡಿ ತಮ್ಮ ಮನಿ ಆಕಳ ಹೆಸರು ಹೇಳ್ತಾಳ, ಚಿತ್ರದಾಗಿನ ಮಳಿ ನೋಡಿ ಆಲಮಟ್ಟಿ ಹಿನ್ನೀರಿಗೆ ಮುಣುಗಿದ ತಮ್ಮ ಊರ ಕತಿಗೆ ಹೊಕ್ಕಾಳ, ಅಲ್ಲಿಂದ ಹಾಡಿಗೆ. ದಿನಾ ಒಂದೊಂದು ಕತಿ ಆಕ್ಕೈತಿ, ಪುಸ್ತಕ ಒಂದ.

ಹಾಡಿಗಂತೂ ನಮ್ಮ ಕಡೆ ಬರಾ ಇಲ್ಲ. ತ್ರಿಪದಿ ಅನ್ನೂದು ಬೀಸೂಮುಂದ, ಕುಟ್ಟೂಮುಂದ, ಕೂಸು ತೂಗೂಮುಂದ ಹೆಣ್ಣುಮಕ್ಕಳು ಹಾಡಕೋತ ಬಂದಿದ್ದು, ಮೂರ ಸಾಲು. ವಿಜಯಪುರ ಜಿಲ್ಲೆ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು, ಊರೂರಿನ ಹೆಣ್ಣುಮಕ್ಕಳ ಬಾಯಿಂದ ಇವನ್ನ ಬರಕೊಂಡು 1931ರಾಗ ಗರತಿಯ ಹಾಡು ಅಂತ ಪುಸ್ತಕ ಮಾಡಿದ್ರು, ಕೂಸಿನ ಮ್ಯಾಲಿನ ಹಾಡು ಅದ್ರಾಗ ಬೇಕಾದಷ್ಟು ಅದಾವು. ಹಾಡು ಬರೂದಿಲ್ಲ ಅನ್ನೋ ಹೊಸ ತಾಯಂದಿರು ಆ ಪುಸ್ತಕ ಒಂದು ತಂದು ಇಟ್ಕೋರಿ, ಧಾಟಿ ಅತ್ತೀನ ಇಲ್ಲಾ ಪಕ್ಕದಮನಿ ಅಜ್ಜೀನ ಕೇಳ್ರಿ. ಮೂರು ಸಾಲಿಗೆ ಒಂದ ಧಾಟಿ, ಹಾಡೂಮುಂದ ನಡುವಿನ ಸಾಲು ತಿರುಗಿ ಬರ್ತೈತಿ, ಹಿಂಗಾಗಿ ಕಲಿಯಾಕ ಭಾಳ ಸಲೀಸು, ಒಂದು ಧಾಟಿ ಬಂತಂದ್ರ ನೂರು ಹಾಡು ಬಂದಂಗ.

ಮಲಗಸೂ ಲೆಕ್ಕಕ್ಕ ತ್ರಿಪದಿ ಯಾಕ ಇಷ್ಟು ಹೊಂದ್ತೈತಿ ಅಂದ್ರ ಅದರ ಮೂರನೇ ಸಾಲು ಸಣ್ಣದು. ಎರಡು ಸಾಲು ಉದ್ದ ನಡದು ಮೂರನೇದು ಲಗೂನ ಬಂದು ಕುಂದರ್ತೈತಿ, ಹಾಡೋರು ಅಲ್ಲಿ ಉಸುರು ಬಿಡ್ತಾರ. ತೊಟ್ಟಿಲಾ ತೂಗೋ ಕೈನೂ ಅಲ್ಲೇ ಒಂದು ಕ್ಷಣ ನಿಲ್ತೈತಿ. ಇಳಕಲ್ ಸೀರಿ ಕಟ್ಟಿದ ಜೋಳಿಗ್ಯಾಗ ಕೂಸು ಹಾಕಿ ತೂಗೋರನ್ನ ನೋಡಿದ್ರ ಇದು ಗೊತ್ತಾಕ್ಕೈತಿ, ಕೈ ಹಾಡಿಗೆ ಹೊಂದ್ಕೊಂಡಿರ್ತೈತಿ ಇಲ್ಲಾ ಹಾಡು ಕೈಗೆ, ಯಾವ್ದು ಯಾವ್ದಕ್ಕ ಅಂತ ಹೇಳಾಕ ಬರೂದಿಲ್ಲ. ದನಿ ಚಂದ ಇರಬೇಕಂತನೂ ಇಲ್ಲ. ಸುರ್ ತಪ್ಪಿದ್ರ ಕೂಸು ಏನ್ ಮಾರ್ಕ್ಸ್ ಕಡಿಮಿ ಕೊಡ್ತೈತೇನು.

ಆಯಿ ಊರಾಗ ಐದಾಳ, ನೀವು ಬೆಳಗಾವಿಯಾಗ ಕ್ವಾರ್ಟರ್ಸಿನ್ಯಾಗ ಇದ್ದೀರಿ ಅಂದ್ರ ದೀಪಾವಳಿಗೆ ಹೋದಾಗ ಆಕಿ ಹಾಡೂದನ್ನ ಫೋನಿನ್ಯಾಗ ರೆಕಾರ್ಡ್ ಮಾಡ್ಕೊಂಡು ಬರ್ರಿ, ವಾಟ್ಸಾಪಿನ್ಯಾಗ ಕಳಿಸಿದ್ರೂ ನಡಿತೈತಿ, ಅದನ್ನ ಮ್ಯಾಲೆ ಹೇಳಿದ ಹಂಗ ಮೌನ ಸೇರ್ಸಿ ಸ್ಪೀಕರಿಗೆ ಹಾಕ್ರಿ. ರೆಕಾರ್ಡ್ ಮಾಡೂಮುಂದ ಫ್ಯಾನ್ ಬಂದ್ ಮಾಡ್ರಿ, ಫೋನ್ ಆಕಿ ಎದಿ ಮಟ್ಟಕ್ಕ ಹಿಡೀರಿ, ಕೆಮ್ಮು ಬಂದ್ರ ಬರ್ಲಿ ಬಿಡ್ರಿ ಅದನ್ನ ಕತ್ತರಿಸಬ್ಯಾಡ್ರಿ. ಹಾಡ್ರಿ ಅಂದ ಕೂಡ್ಲೇ ನಾಚತಾರ, ಕೂಸನ್ನ ತೊಡಿ ಮ್ಯಾಲೆ ಹಾಕಿ ಸುಮ್ಕ ಫೋನ್ ಬಾಜೂಕ ಇಟ್ಟುಬಿಡ್ರಿ, ತಾನ ಬರ್ತೈತಿ.

ಪುಸ್ತಕ ಆರಿಸೂದು

ಹಾಡಿನ ಜೋಡಿ ಹೊಂದೂದು ಪುಸ್ತಕದ ಮ್ಯಾಲೂ ಐತಿ. ಮಲಗೂ ಹೊತ್ತಿಗೆ ಸಾಹಸದ ಕತಿ ಬ್ಯಾಡ, ಹುಲಿ ಓಡಿ ಬಂದು ಆಮ್ಯಾಲೆ ಏನಾತು ಅನ್ನೂದು ಹಗಲಿಗೆ. ಒಂದ ಮಾತು ತಿರುಗಿ ತಿರುಗಿ ಬರೋ ಪುಸ್ತಕ ತಗೋರಿ, ಆ ಸಾಲು ಬಂದಾಗ ಕೂಸೂ ಹೇಳ್ತೈತಿ, ಆಮ್ಯಾಲೆ ಆ ಸಾಲನ್ನ ಹಾಡಿನ ಧಾಟಿಗೆ ಹಚ್ಚಿ ಗುನುಗ್ರಿ, ಪುಸ್ತಕದಿಂದ ಹಾಡಿಗೆ ದಾಟಾಕ ಅದ ಸೇತುವೆ ಇದ್ದಂಗ. ಚಿತ್ರದ ಬಣ್ಣ ಕೊನಿ ಕೊನಿಗೆ ಕತ್ತಲಕ್ಕ ಇಳಿಯೂ ಹಂಗ ಇದ್ರ ಇನ್ನೂ ಚೊಲೊ. ಎರಡು ವರ್ಷದೊಳಗಿನವರಿಗೆ ರಟ್ಟಿನ ಪುಟ, ಯಾಕಂದ್ರ ಅವು ಓದೂದಕ್ಕಿಂತ ತಿನ್ನೂದ ಜಾಸ್ತಿ.

ಕನ್ನಡದಾಗ ಸಿಗೋರು ಯಾರು ಅಂದ್ರ, ಬೆಂಗಳೂರಿನ ಪ್ರಥಮ್ ಬುಕ್ಸು ಐತಿ, 2004ರಾಗ ಶುರು ಆಗಿದ್ದು, ಕಿಮ್ಮತ್ತು ಕಡಿಮಿ. ಚೆನ್ನೈನ ತುಳಿಕಾ 1996ರಿಂದ ಐತಿ, ಕನ್ನಡದಾಗೂ ತಗೀತಾರ, ಇಂಗ್ಲಿಷ್ ಕನ್ನಡ ಎರಡೂ ಒಂದ ಪುಟದಾಗ ಇರೋ ಪುಸ್ತಕನೂ ಮಾಡ್ತಾರ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದವು ಹಳೇ ಕಾಲದಿಂದ ಬರಾಕಹತ್ಯಾವು, ಅವು ಅಗ್ಗ, ಚಿತ್ರ ಚೊಲೊ, ಆದ್ರ ಕೆಲವ್ರಾಗ ಬರಹ ಉದ್ದ, ನಾಲ್ಕೈದು ವರ್ಷದವರಿಗೆ ಹೊಂದ್ತಾವು.

ರೊಕ್ಕ ಹಾಕಾಕ ಮೊದ್ಲ ಪ್ರಥಮದವರು 2015ರಾಗ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟು ಒಮ್ಮೆ ತಗದು ನೋಡ್ರಿ. ಕನ್ನಡ ಕತಿ ರಾಶಿ ಅದಾವು, ಪುಕ್ಕಟ, ಒಂದರಿಂದ ನಾಲ್ಕರ ತನಕ ಹಂತ ಮಾಡ್ಯಾರ, ಒಂದನೇ ಹಂತದ್ದು 250 ಪದದೊಳಗ. ಮಲಗೂ ಹೊತ್ತಿಗೆ ಒಂದನೇ ಹಂತನ ಸಾಕು, ಎರಡನೇದು 600 ಪದದ ತನಕ ಹೊಕ್ಕೈತಿ, ನಿಮಗ ಮೊದ್ಲು ನಿದ್ದಿ ಬರ್ತೈತಿ. ಅಲ್ಲಿ ಹೆಚ್ಚಿನ ಕತಿ ಸಿಸಿ ಬೈ ಲೈಸೆನ್ಸಿನ ಕೆಳಗ ಅದಾವು. ಬರದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿ ಯಾರೂ ಪ್ರಿಂಟ್ ಮಾಡ್ಕೋಬಹುದು, ಓದಿ ರೆಕಾರ್ಡ್ ಮಾಡ್ಬಹುದು, ಹಂಚಬಹುದು. ಅಂದ್ರ ಪಿಡಿಎಫ್ ಇಳಿಸ್ಕೊಂಡು ಝೆರಾಕ್ಸ್ ಅಂಗಡ್ಯಾಗ ದಪ್ಪ ಹಾಳಿ ಮ್ಯಾಲೆ ಕಲರ್ ಪ್ರಿಂಟ್ ತಗ್ಸಿ ಸ್ಪೈರಲ್ ಹಾಕ್ಸಿದ್ರ ನಿಮ್ಮದ ಬುಕ್ಕು ಆತು. ಪ್ರಿಂಟಿಗೆ ಎಷ್ಟು ಅಂತ ಮೊದ್ಲ ಕೇಳ್ಕೋರಿ, ಪುಟ ಜಾಸ್ತಿ ಇದ್ರ ಒಮ್ಮೊಮ್ಮೆ ಅಚ್ಚಾದ ಪುಸ್ತಕನ ಅಗ್ಗ ಬೀಳ್ತೈತಿ. ಲ್ಯಾಮಿನೇಷನ್ ಮಾಡಸೋರು ಮಿರಿಮಿರಿ ಮಿಂಚೂದು ಬಿಟ್ಟು ಮಿಂಚಲಾರದ ಮ್ಯಾಟ್ ಕೇಳ್ರಿ, ಮಿಂಚೂದಾದ್ರ ರಾತ್ರಿ ಸಣ್ಣ ಬಲ್ಬಿನ ಬೆಳಕು ಪುಟದ ಮ್ಯಾಲೆ ಹೊಳದು ಚಿತ್ರ ಕಾಣೂದಿಲ್ಲ.

ಬೆಳಗಾವಿ, ನಿಪ್ಪಾಣಿ, ಅಥಣಿ ಕಡೆ ಒಂದ ಮನ್ಯಾಗ ಕನ್ನಡಾನೂ ಮರಾಠಿನೂ ನಡಿತೈತಿ, ವಿಜಯಪುರದಾಗ ಉರ್ದು. ಅಂತವರಿಗೆ ತುಳಿಕಾದಾಗ ಅದೇ ಪುಸ್ತಕ ಕನ್ನಡದಾಗೂ ಮರಾಠಿಯಾಗೂ ಸಿಗ್ತೈತಿ, ಸ್ಟೋರಿವೀವರಿನ್ಯಾಗ ಮೂರೂ ಭಾಷೆದಾಗ ಕತಿ ಅದಾವು. ಚಿತ್ರ ಅವ, ಅವ್ವ ಕನ್ನಡದಾಗ ಓದ್ತಾಳ, ಆಜಿ ಮರಾಠಿಯಾಗ. ಹಾಡಿಗೆ ಮಾತ್ರ ಯಾರ ಹತ್ರ ಮಲಗ್ತೈತೋ ಅವರ ಭಾಷೆ ಇರ್ಲಿ, ಅದನ್ನ ದಿನಾ ಅದಲಬದಲ ಮಾಡಾಕ ಹೋಗಬ್ಯಾಡ್ರಿ.